ತೂತು ಅವರದು, ತೇಪೆ ನಮ್ಮದು

ಕರ್ನಾಟಕದಲ್ಲಿ ಮಂಗಳವಾರ ಕ್ಷೌರದಂಗಡಿಗೆ ರಜೆ. ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಗೆ ಈ ಕಟ್ಟುಪಾಡು ತಿಳಿಯದು. 2003ರ ಅಕ್ಟೋಬರ್‌ನಿಂದ ಅದು ಪ್ರತಿ ತಿಂಗಳ ಎರಡನೇ ಮಂಗಳವಾರವೇ ಗ್ರಾಹಕರ ತಲೆ ಬೋಳಿಸಲು ಕೂರುತ್ತದೆ. ವಿಂಡೋಸ್‌ನಲ್ಲಿ ಎಲ್ಲೆಲ್ಲಿ ತೂತು ಬಿದ್ದಿದೆ ಎಂಬ ಪಟ್ಟಿಯೂ ಆ ತೂತು ಮುಚ್ಚುವ ತೇಪೆಯೂ ಅಂದು ಒಟ್ಟಿಗೇ ಹೊರಬೀಳುತ್ತವೆ. ನಮ್ಮ ಗಡಿಯಾರದಲ್ಲಿ ಆಗ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ ಆಗಿರುತ್ತದೆ. ನಾವು ಮಲಗುವ ಹೊತ್ತು, ಕಳ್ಳರು ಏಳುವ ಹೊತ್ತು. ಆ ಪಟ್ಟಿಯನ್ನು ನಮಗಿಂತ ಶ್ರದ್ಧೆಯಿಂದ ಓದುವವರೂ ಅವರೇ. ತೇಪೆಯನ್ನು ಬಿಚ್ಚಿ ನೋಡಿ, ಅದು ಮುಚ್ಚಿದ ತೂತು ಯಾವುದೆಂದು ತಿಳಿದುಕೊಂಡು, ಇನ್ನೂ ತೇಪೆ ಹಾಕಿಕೊಳ್ಳದವರನ್ನು ಹುಡುಕಿ ಹೊರಡುತ್ತಾರೆ. ಈ ಕಸುಬಿನವರು ಆ ಮಂಗಳವಾರವನ್ನು ‘ಪ್ಯಾಚ್ ಟ್ಯೂಸ್‌ಡೇ’ ಎನ್ನುತ್ತಾರೆ, ಮರುದಿನವನ್ನು ‘ಎಕ್ಸ್‌ಪ್ಲಾಯ್ಟ್ ವೆನ್ಸ್‌ಡೇ’. ಪಂಚಾಂಗದಲ್ಲಿ ಇಷ್ಟು ಕರಾರುವಾಕ್ಕಾಗಿ ಫಲಿಸುವ ಘಳಿಗೆ ಇನ್ನೊಂದಿಲ್ಲ.

ಕೋಟಿಗಟ್ಟಲೆ ಸಾಲು ಕೋಡ್ ಬರೆದ ಮೇಲೆ ತಪ್ಪು ನುಸುಳದೆ ಇರದು. ಅದಕ್ಕೆ ನನ್ನ ತಕರಾರಿಲ್ಲ. ತಪ್ಪು ಸಿಕ್ಕಿಬಿದ್ದ ಮೇಲಿನ ನಡವಳಿಕೆ ಮಾತ್ರ ನೋಡುವಂಥದ್ದು. ಆ್ಯಪ್ ತಯಾರಕರು ತಿಂಗಳು ತಿಂಗಳೂ ‘ನಿಮ್ಮ ಅನುಭವವನ್ನು ಉತ್ತಮಗೊಳಿಸಿದ್ದೇವೆ’ ಎಂದು ಬರೆದು ಕಳಿಸುತ್ತಾರೆ. ಹಿಂದಿನ ತಿಂಗಳು ನಮಗಾದ ಅನುಭವ ಯಾವುದೆಂದು ಮಾತ್ರ ಬಾಯಿ ಬಿಡುವುದಿಲ್ಲ.

ಬೇಲಿಯ ಒಳಗಿದ್ದೇವೆ ಎಂದು ಬೀಗುವವರ ಕಥೆಯನ್ನೇ ತೆಗೆದುಕೊಳ್ಳಿ. 2017ರ ಸೆಪ್ಟೆಂಬರ್ 25ರಂದು ಆ್ಯಪಲ್ ತನ್ನ ಮ್ಯಾಕ್ ಕಂಪ್ಯೂಟರ್‌ಗಳಿಗೆ ‘ಹೈ ಸಿಯೆರಾ’ ಎಂಬ ಹೊಸ ಆಪರೇಟಿಂಗ್ ಸಿಸ್ಟಮ್ ಬಿಟ್ಟಿತು. ಹತ್ತು ದಿನ ಕಳೆಯುವಷ್ಟರಲ್ಲಿ ಮೊದಲ ಪವಾಡ ಬೆಳಕಿಗೆ ಬಂತು. ಗೂಢಲಿಪಿಯಲ್ಲಿ ಭದ್ರ ಮಾಡಿದ ಡಿಸ್ಕ್‌ನ ಪಾಸ್‌ವರ್ಡ್ ಮರೆತವರು ‘ಸುಳಿವು ತೋರಿಸು’ ಎಂಬ ಗುಂಡಿ ಒತ್ತಿದರೆ, ಕೆಲವು ಡಿಸ್ಕ್‌ಗಳಲ್ಲಿ ಸುಳಿವಿನ ಜಾಗದಲ್ಲಿ ಪಾಸ್‌ವರ್ಡೇ ಪ್ರತ್ಯಕ್ಷವಾಗುತ್ತಿತ್ತು. ಸುಳಿವು ಎಂದರೆ ಹೀಗಿರಬೇಕು.

ನವೆಂಬರ್ 28ರದ್ದು ಇದಕ್ಕೂ ಮೇಲು. ಸಿಸ್ಟಮ್ ಪ್ರಿಫರೆನ್ಸಸ್ ತೆರೆಯಿರಿ, ಬಳಕೆದಾರರ ಪುಟದಲ್ಲಿರುವ ಬೀಗದ ಚಿತ್ರ ಒತ್ತಿ. ಹೆಸರು ಕೇಳಿದ ಕಡೆ ‘ರೂಟ್’ ಎಂದು ಬರೆಯಿರಿ. ಪಾಸ್‌ವರ್ಡ್ ಜಾಗ ಖಾಲಿ ಬಿಡಿ. ‘ಅನ್‌ಲಾಕ್’ ಒತ್ತಿ. ತೆರೆಯಲಿಲ್ಲವೇ? ಬೇಸರಪಡದೆ ಇನ್ನೊಮ್ಮೆ ಒತ್ತಿ. ತೆರೆಯಿತು. ರೂಟ್ ಎಂದರೆ ಆ ಯಂತ್ರದ ಸಾರ್ವಭೌಮ. ಅಳಿಸುವುದು, ಓದುವುದು, ಬೇರೆಯವರ ಖಾತೆಯೊಳಗೆ ಕೈಯಾಡಿಸುವುದು, ಎಲ್ಲಕ್ಕೂ ಅವನಿಗೆ ಅಧಿಕಾರ. ಸಾಮಾನ್ಯವಾಗಿ ಮ್ಯಾಕ್‌ನಲ್ಲಿ ಆ ಖಾತೆ ನಿಷ್ಕ್ರಿಯವಾಗಿ ಮಲಗಿರುತ್ತದೆ. ತಜ್ಞರು ಒಳಗೆ ಇಣುಕಿ ನೋಡಿದಾಗ ತಿಳಿದದ್ದು ಇಷ್ಟು: ಮೊದಲ ಸಲ ನೀವು ಒತ್ತಿದಾಗ, ಯಂತ್ರವು ಆ ಮಲಗಿದ ಖಾತೆಯನ್ನು ಎಬ್ಬಿಸಿ, ನೀವು ಕೊಟ್ಟ ಖಾಲಿ ಪಾಸ್‌ವರ್ಡನ್ನೇ ಅದರ ಪಾಸ್‌ವರ್ಡ್ ಎಂದು ದಾಖಲಿಸಿಕೊಳ್ಳುತ್ತಿತ್ತು. ಎರಡನೇ ಸಲ ಹೋಲಿಸಿ ನೋಡಿದಾಗ ಸರಿಹೊಂದದೆ ಇರುತ್ತದೆಯೇ? ಅಪಾರ್ಟ್‌ಮೆಂಟಿನ ವಾಚ್‌ಮನ್ ಅಪರಿಚಿತನನ್ನು ಗೇಟಿನಲ್ಲಿ ತಡೆದು, ಅವನು ಹೇಳಿದ ಹೆಸರನ್ನು ಮಾಲೀಕರ ರಿಜಿಸ್ಟರಿನಲ್ಲಿ ತಾನೇ ಬರೆದುಕೊಂಡು, ಅರ್ಧ ನಿಮಿಷ ಬಿಟ್ಟು ಪುಟ ತಿರುವಿ, ‘ನಿಮ್ಮ ಹೆಸರಿದೆ, ಬನ್ನಿ ಸಾರ್’ ಎಂದು ಸಲಾಮು ಹೊಡೆದಂತೆ.

ಈ ದೋಷ ಜಗಜ್ಜಾಹೀರಾಗುವ ಎರಡು ವಾರ ಮೊದಲೇ ಆ್ಯಪಲ್‌ನದೇ ಡೆವಲಪರ್‌ಗಳ ಚರ್ಚೆಯಲ್ಲಿ ಒಬ್ಬರು ಇದನ್ನು ಬರೆದಿಟ್ಟಿದ್ದರು. ದೋಷ ಎಂದಲ್ಲ, ಖಾತೆಯೊಳಗೆ ಹೋಗಲಾಗದೆ ಪರದಾಡುತ್ತಿದ್ದವರಿಗೆ ಪರಿಹಾರ ಎಂದು. ಆ್ಯಪಲ್ ಕ್ಷಮೆ ಕೇಳಿತು, ಮರುದಿನವೇ ತೇಪೆ ಕಳಿಸಿತು ಎಂಬುದನ್ನು ಒಪ್ಪೋಣ. ಆ ತೇಪೆಯಿಂದ ಕೆಲವರ ಫೈಲ್ ಹಂಚಿಕೆ ಕೆಟ್ಟಿತು. ಅದಕ್ಕೊಂದು ಮದ್ದು ಬರೆದುಕೊಡಬೇಕಾಯಿತು. ಜನವರಿ ಹೊತ್ತಿಗೆ ಮೂರನೆಯದು: ಆ್ಯಪ್ ಸ್ಟೋರ್‌ನ ಸೆಟ್ಟಿಂಗ್‌ಗೆ ಹಾಕಿದ್ದ ಬೀಗ, ಅಡ್ಮಿನ್ ಖಾತೆಯಲ್ಲಿದ್ದವರು ಯಾವ ಪಾಸ್‌ವರ್ಡ್ ಕೊಟ್ಟರೂ ತೆರೆದುಕೊಳ್ಳುತ್ತಿತ್ತು. ಅಷ್ಟು ಹೊತ್ತಿಗೆ ಜನಕ್ಕೆ ಆಶ್ಚರ್ಯಪಡುವುದೂ ಸಾಕಾಗಿತ್ತು.

ಇವೆಲ್ಲ ಕಂಪನಿಯೇ ತಪ್ಪೊಪ್ಪಿಕೊಳ್ಳಬೇಕಾಗಿ ಬಂದ ಅಪರೂಪದ ಪ್ರಸಂಗಗಳು. ಉಳಿದ ಹೊತ್ತು ನಡೆಯುವುದು ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸುವ ಕೆಲಸ. 2017ರ ಮೇ 12ರಂದು ‘ವಾನಾಕ್ರೈ’ ಎಂಬ ಪಿಡುಗು ಎದ್ದು ನೂರೈವತ್ತು ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳನ್ನು ಒತ್ತೆ ಇಟ್ಟುಕೊಂಡು ತಲಾ 300 ಡಾಲರ್ ಕೇಳಿತಲ್ಲ, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆ ಮುಂದೆ ಹೋಯಿತಲ್ಲ, ಆ ತೂತು ವಿಂಡೋಸ್‌ನದು. ಅದನ್ನು ಮೊದಲೇ ಕಂಡುಹಿಡಿದು, ತಯಾರಕರಿಗೆ ಹೇಳದೆ, ತನ್ನ ಬೇಹುಗಾರಿಕೆಗೆಂದು ಬತ್ತಳಿಕೆಯಲ್ಲಿ ಇಟ್ಟುಕೊಂಡಿದ್ದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ. ಹೆಸರಿನಲ್ಲೇ ಭದ್ರತೆ ಇರುವ ಆ ಸಂಸ್ಥೆಯ ಬತ್ತಳಿಕೆಯೇ ಕಳುವಾಗಿ, ಏಪ್ರಿಲ್‌ನಲ್ಲಿ ಬೀದಿಗೆ ಬಿತ್ತು. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು ನಿಜ. ಆದರೆ ಎಕ್ಸ್‌ಪಿಯಂಥ ಹಳೆಯ ವಿಂಡೋಸ್ ಇಟ್ಟುಕೊಂಡವರಿಗೆ ಅದು ಸಿಗುತ್ತಿದ್ದದ್ದು ಪ್ರತ್ಯೇಕ ಒಪ್ಪಂದ ಮಾಡಿಕೊಂಡು ಹಣ ಕಟ್ಟಿದರೆ ಮಾತ್ರ. ಪಿಡುಗು ಹಬ್ಬಿದ ಮೇಲೆ ಅದನ್ನೇ ಎಲ್ಲರಿಗೂ ಪುಕ್ಕಟೆ ಹಂಚಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದ ಹಿರಿಯರನ್ನು ಮೆಚ್ಚಬೇಕು. ಎರಡು ದಿನದ ನಂತರ ಕಂಪನಿಯ ಅಧ್ಯಕ್ಷ ಬ್ರ್ಯಾಡ್ ಸ್ಮಿತ್ ಬರೆದ ಲೇಖನದಲ್ಲಿ ಬೇಹುಗಾರರಿಗೆ ಬೈಗುಳವಿತ್ತು. ಜೊತೆಗೆ, ಭದ್ರತೆಯ ಹೊಣೆಯನ್ನು ಕಂಪನಿಗಳೂ ಗ್ರಾಹಕರೂ ಹಂಚಿಕೊಳ್ಳಬೇಕು ಎಂಬ ಉಪದೇಶವೂ ಇತ್ತು. ಲಾಭ ಹಂಚಿಕೊಳ್ಳುವ ವಿಚಾರ ಬಹುಶಃ ಜಾಗ ಸಾಲದೆ ಬಿಟ್ಟುಹೋಗಿರಬೇಕು.

ಮನೆ ಕಾಯಲು ತಂದ ಕ್ಯಾಮೆರಾಗಳದು ಇನ್ನೂ ಚಂದ. 2016ರಲ್ಲಿ ‘ಮಿರಾಯ್’ ಎಂಬ ಮಾಲ್‌ವೇರ್ ಹುಟ್ಟಿತು. ಅದರ ಬುದ್ಧಿವಂತಿಕೆಯೆಲ್ಲ ಒಂದು ಚೀಟಿಯಲ್ಲಿತ್ತು: ಕಾರ್ಖಾನೆಯಲ್ಲೇ ಹಾಕಿ ಕಳಿಸಿದ ಅರವತ್ತರ ಆಸುಪಾಸಿನ ಹೆಸರು-ಪಾಸ್‌ವರ್ಡ್ ಜೋಡಿಗಳು. ಅಡ್ಮಿನ್, ಅಡ್ಮಿನ್. ರೂಟ್, 12345. ಇಷ್ಟರಿಂದಲೇ ಲಕ್ಷಾಂತರ ಸಿಸಿಟಿವಿ ಕ್ಯಾಮೆರಾ, ಡಿವಿಆರ್, ರೌಟರ್‌ಗಳು ಅದರ ಸೇನೆಗೆ ಸೇರಿದವು. ಅಕ್ಟೋಬರ್ 21ರಂದು, ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ನುಗ್ಗಿ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳನ್ನು ಹಲವೆಡೆ ಮಲಗಿಸಿದವು. ತಯಾರಕರ ಉಪದೇಶ ಸಿದ್ಧವಿತ್ತು: ಗ್ರಾಹಕರು ಪಾಸ್‌ವರ್ಡ್ ಬದಲಿಸಿಕೊಳ್ಳಬೇಕಿತ್ತು. ಸರಿ. ಆದರೆ ಕೆಲವು ಮಾದರಿಗಳಲ್ಲಿ ಹಿಂಬಾಗಿಲಿನ ಪಾಸ್‌ವರ್ಡನ್ನು ಯಂತ್ರದೊಳಗೇ ಬೆಸುಗೆ ಹಾಕಿ ಕಳಿಸಿದ್ದರು. ಮಾಲೀಕ ಸೆಟ್ಟಿಂಗ್ ಪುಟದಲ್ಲಿ ಎಷ್ಟು ಬದಲಿಸಿದರೂ ಅದು ಅಲ್ಲಾಡುತ್ತಿರಲಿಲ್ಲ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರಬಾರದು ಎಂದು ಬ್ರಿಟನ್ ಕಾನೂನು ಜಾರಿಗೆ ತಂದದ್ದು 2024ರ ಏಪ್ರಿಲ್ 29ರಂದು. ಅವಸರ ಮಾಡಿದರು ಎಂದು ಯಾರೂ ದೂರುವಂತಿಲ್ಲ.

ನಮ್ಮಲ್ಲಿ ಕುಕ್ಕರ್‌ಗೆ ಐಎಸ್‌ಐ ಗುರುತು ಕಡ್ಡಾಯ. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಗುರುತಿಲ್ಲದ ಕುಕ್ಕರ್ ಮಾರಲು ಬಿಟ್ಟ ಆನ್‌ಲೈನ್ ಅಂಗಡಿಗಳಿಗೆ ದಂಡ ಹಾಕಿ, ಕೊಂಡವರಿಗೆಲ್ಲ ತಿಳಿಸಿ, ಮಾಲು ವಾಪಸ್ ತರಿಸಿ, ಹಣ ಮರಳಿಸಿ ಎಂದು ಆದೇಶಿಸಿತು. ಯಾವ ಕುಕ್ಕರೂ ಸಿಡಿದಿರಬೇಕೆಂದೇನೂ ಇರಲಿಲ್ಲ, ಸಿಡಿಯಬಹುದು ಎಂಬುದೇ ಸಾಕಿತ್ತು. ನಮ್ಮ ಬ್ಯಾಂಕು, ಆಧಾರ್, ಮಕ್ಕಳ ಫೋಟೊ, ಡಾಕ್ಟರ ಚೀಟಿ ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡ ಫೋನಿನ ತಂತ್ರಾಂಶಕ್ಕೆ ಇಂಥ ಮರ್ಯಾದೆ ಇಲ್ಲ. ಅದಕ್ಕಿರುವುದು ಒಪ್ಪಂದ ಪತ್ರ. ನಾವು ಓದದೆ ‘ಒಪ್ಪಿದೆ’ ಒತ್ತುವ ಆ ಪತ್ರದಲ್ಲಿ ತಂತ್ರಾಂಶವನ್ನು ‘ಇದ್ದ ಹಾಗೇ’ ಕೊಟ್ಟಿದ್ದೇವೆ ಎಂದಿರುತ್ತದೆ. ಮ್ಯಾಕ್‌ನ ಪತ್ರದ ಪ್ರಕಾರ ಕಂಪನಿಯ ಒಟ್ಟು ಹೊಣೆ 50 ಡಾಲರ್. ಐಫೋನ್‌ನದು 250, ಜೇಬಿನಲ್ಲಿರುವುದಕ್ಕೆ ತುಸು ಹೆಚ್ಚು ಮಮತೆ. ಅಣುಸ್ಥಾವರ, ವಿಮಾನ ಸಂಚಾರ ನಿಯಂತ್ರಣಗಳಿಗೆ ಇದು ತಕ್ಕುದಲ್ಲ ಎಂದೂ ಬರೆದಿರುತ್ತಾರೆ. ಹಾಡು ಕೇಳುವ ಐಟ್ಯೂನ್ಸ್‌ನ ಪತ್ರದಲ್ಲಂತೂ ಇದನ್ನು ಬಳಸಿ ಅಣ್ವಸ್ತ್ರ ತಯಾರಿಸುವುದಿಲ್ಲ ಎಂದು ನಾವು ಮಾತು ಕೊಟ್ಟಿದ್ದೇವೆ. ಭಾವಗೀತೆ ಕೇಳಲು ಕೂತವರಿಂದ ಇಷ್ಟು ದೊಡ್ಡ ಪ್ರಮಾಣ ಮಾಡಿಸಿಕೊಂಡವರು, ನಮ್ಮ ಪಾಸ್‌ವರ್ಡ್ ಸೋರುವುದಿಲ್ಲ ಎಂಬ ಒಂದು ಸಾಲಿನ ಮಾತನ್ನು ತಾವು ಕೊಡಲೊಲ್ಲರು.

ಯುರೋಪಿನವರು ಈ ಆಟ ಸಾಕು ಎಂದು ಹೊಸ ಕಾಯ್ದೆ ಮಾಡಿದ್ದಾರೆ. ತೂತಿಗೆ ತಯಾರಕನೇ ಹೊಣೆ, ಸಾಮಾನ್ಯವಾಗಿ ಐದು ವರ್ಷವಾದರೂ ತೇಪೆ ಕೊಡಬೇಕು, ತಪ್ಪಿದರೆ ಭಾರೀ ದಂಡ. ಮುಖ್ಯ ನಿಯಮಗಳು ಜಾರಿಯಾಗುವುದು 2027ರ ಡಿಸೆಂಬರ್ 11ಕ್ಕೆ. ನಮ್ಮಲ್ಲಿ ಸೈಬರ್ ಅಪಾಯಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ ಆಗಾಗ ‘ತೀವ್ರ ಅಪಾಯ’ದ ಎಚ್ಚರಿಕೆ ಹೊರಡಿಸುತ್ತದೆ, ಕೂಡಲೇ ಅಪ್‌ಡೇಟ್ ಮಾಡಿ ಎಂದು. ಅಪ್‌ಡೇಟೇ ನಿಂತುಹೋದ ಅಗ್ಗದ ಆಂಡ್ರಾಯ್ಡ್ ಫೋನ್ ಹಿಡಿದವನು ಆ ಎಚ್ಚರಿಕೆಯನ್ನು ಅದೇ ಫೋನಿನಲ್ಲಿ ಓದುತ್ತಾನೆ.

ವಿಂಡೋಸ್ 10 ಕೂಡ 2025ರ ಅಕ್ಟೋಬರ್ 14ರಂದು ಆ ಸಾಲಿಗೆ ಸೇರಿತು. ಯಂತ್ರ ಗಟ್ಟಿಯಾಗಿದೆ, ಕೀಲಿಮಣೆ ಸರಿಯಿದೆ, ಆದರೆ ಒಳಗೆ ತಕ್ಕ ಚಿಪ್ಪೋ ಪ್ರೊಸೆಸರೋ ಇಲ್ಲದ್ದರಿಂದ ವಿಂಡೋಸ್ 11ಕ್ಕೆ ಪ್ರವೇಶವಿಲ್ಲ. ಅಂಥವರಿಗೂ ಕಂಪನಿ ಒಂದು ವರ್ಷದ ತೇಪೆಯ ಕರುಣೆ ತೋರಿತು. ಜರ್ಮನಿಯವನಿಗೆ, ಫ್ರಾನ್ಸಿನವನಿಗೆ ಕಂಪನಿಯ ಖಾತೆಯೊಂದಿದ್ದರೆ ಪುಕ್ಕಟೆ; ಅಲ್ಲಿನ ಗ್ರಾಹಕ ಸಂಘಟನೆಗಳು ಜಗಳವಾಡಿ ಗಿಟ್ಟಿಸಿಕೊಂಡವು. ಹುಬ್ಬಳ್ಳಿಯ ಅದೇ ಲ್ಯಾಪ್‌ಟಾಪಿಗೆ ಮೂರು ದಾರಿ ತೋರಿಸಿದರು: ಹಣ ಕಟ್ಟಿ, ಅಮೆರಿಕದಲ್ಲಾದರೆ 30 ಡಾಲರ್, ಇಲ್ಲವೇ ನಿಮ್ಮ ಸೆಟ್ಟಿಂಗ್‌ಗಳನ್ನೆಲ್ಲ ನಮ್ಮ ಕ್ಲೌಡಿಗೆ ಒಪ್ಪಿಸಿ, ಅದೂ ಬೇಡವೆಂದರೆ 1,000 ‘ರಿವಾರ್ಡ್ಸ್’ ಅಂಕ ಸಂಪಾದಿಸಿ. ಅಂಕ ಬರುವುದು ಮುಖ್ಯವಾಗಿ ಕಂಪನಿಯದೇ ಬಿಂಗ್‌ನಲ್ಲಿ ಹುಡುಕಾಟ ನಡೆಸಿದರೆ. ಇಂಥದ್ದನ್ನೇ ಹುಡುಕಬೇಕು ಎಂದೇನೂ ಕಟ್ಟಳೆಯಿಲ್ಲ. ‘ಗೂಗಲ್ ಕ್ರೋಮ್ ಡೌನ್‌ಲೋಡ್’ ಎಂದು ಹುಡುಕಿಯೇ ಶುರು ಮಾಡಬಹುದು.