ಕಂಪನಿಯಲ್ಲಿ ಎಷ್ಟು ಜನ?

ಎಂಡಿ ಸಾರ್ ಅವರನ್ನು ತಬ್ಬಿಬ್ಬು ಮಾಡುವ ಪ್ರಶ್ನೆ ಒಂದೇ: “ನಿಮ್ಮ ಕಂಪನಿಯಲ್ಲಿ ಎಷ್ಟು ಜನ ಇದ್ದಾರೆ?” ಉತ್ತರ ಗೊತ್ತಿಲ್ಲವೆಂದಲ್ಲ. ಕೇಳುತ್ತಿರುವವರು ಯಾರು ಅನ್ನುವುದು ಮೊದಲು ಗೊತ್ತಾಗಬೇಕು. ಅಮೆರಿಕದ ಕ್ಲೈಂಟ್ ಕೇಳಿದರೆ ಐವತ್ತೆರಡು. ಪಿಎಫ್ ಆಫೀಸಿನವರು ಕೇಳಿದರೆ ಹದಿನೆಂಟು. ರಾಜ್ಯೋತ್ಸವದ ಚಂದಾ ಪುಸ್ತಕ ಹಿಡಿದು ಬಂದ ಹುಡುಗರು ಕೇಳಿದರೆ, “ಎಲ್ಲಿ ಜನ ಗುರೂ, ಐದಾರು ಹುಡುಗರು ಕೂತು ಏನೋ ಕುಟ್ಟುತ್ತಿರುತ್ತಾರೆ ಅಷ್ಟೆ.” ನಮ್ಮ ಹುಡುಗರಲ್ಲೊಬ್ಬನಿಗೆ ಹೆಣ್ಣು ಕೊಡುವವರು ವಿಚಾರಿಸಲು ಫೋನ್ ಮಾಡಿದಾಗ ಮಾತ್ರ ಅವರ ಬಾಯಲ್ಲಿ ಅಂಕಿಯೇ ಬರುವುದಿಲ್ಲ. “ನೋಡಿ ಸ್ವಾಮಿ, ನಮಗೆ ಡಲ್ಲಾಸ್‌ನಲ್ಲೂ ಆಫೀಸಿದೆ” ಎಂದೇ ಶುರುವಾಗುತ್ತದೆ.

ಡಲ್ಲಾಸ್ ಆಫೀಸು ಎಂದರೆ ಸಾರ್ ಅವರ ಭಾವಮೈದುನನ ಮನೆ.

ಬೆಂಗಳೂರಿನಲ್ಲಿ ಇಂಥ ಎಂಡಿ ಸಾರ್‌ಗಳು ಬಡಾವಣೆಗೆ ಇಬ್ಬರು ಮೂವರಾದರೂ ಸಿಗುತ್ತಾರೆ. ನಾನು ಉಪ್ಪು ತಿನ್ನುತ್ತಿರುವುದು ವಿಜಯನಗರದ ಒಬ್ಬರದು. ಟೆಸ್ಟಿಂಗ್, ಡಾಕ್ಯುಮೆಂಟೇಶನ್, ಆಯುಧಪೂಜೆಗೆ ಮಾವಿನೆಲೆ, ಈ ಮೂರು ಖಾತೆಗಳು ನನ್ನವು. ಎಲೆಕ್ಟ್ರಾನಿಕ್ ಸಿಟಿಯ, ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳನ್ನೇ ಐಟಿ ಅಂದುಕೊಂಡವರ ಕಣ್ಣಿಗೆ ನಮ್ಮ ಐಟಿ ಬೀಳುವುದಿಲ್ಲ. ಕೆಳಗೆ ದರ್ಶಿನಿ, ಮೊದಲನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರು, ಎರಡನೆಯದರಲ್ಲಿ ನಾವು, ನಮ್ಮ ಎದುರು ಬಾಗಿಲಿಗೆ ಟ್ಯಾಲಿ ಕಲಿಸುವ ಕೋಚಿಂಗ್ ಸೆಂಟರು. ಹತ್ತೂವರೆಗೆ ದರ್ಶಿನಿಯ ಒಗ್ಗರಣೆ ಘಾಟು ಮೇಲೆ ಬರುವಷ್ಟರಲ್ಲಿ ಸ್ಟ್ಯಾಂಡಪ್ ಮೀಟಿಂಗ್ ಮುಗಿದಿರಬೇಕು. ಆಮೇಲೆ ಕೆಮ್ಮಿನಲ್ಲಿ ಯಾರ ಸ್ಟೇಟಸ್ಸೂ ಯಾರಿಗೂ ಕೇಳಿಸುವುದಿಲ್ಲ.

ಸಾರ್ ವೈಟುಕೆ ಕಾಲದವರು. 1999ರಲ್ಲಿ ದೊಡ್ಡ ಕಂಪನಿಯೊಂದರಲ್ಲಿ ಕೂತು, ಅಮೆರಿಕದ ಯಾವುದೋ ವಿಮಾ ಸಂಸ್ಥೆಯ ಕೋಬಾಲ್ ಪ್ರೋಗ್ರಾಮುಗಳಲ್ಲಿ ಎರಡಂಕಿಯಲ್ಲಿದ್ದ ಇಸವಿಗಳನ್ನು ನಾಲ್ಕಂಕಿ ಮಾಡಿದವರು. ಎರಡನ್ನು ನಾಲ್ಕು ಮಾಡಿ ಡಾಲರ್ ಎಣಿಸಿದವರಿಗೆ ಹದಿನೆಂಟನ್ನು ಐವತ್ತೆರಡು ಮಾಡುವುದು ಯಾವ ಮಹಾ ಕೆಲಸ? ಅದು ಸುಳ್ಳೂ ಅಲ್ಲ ಎಂಬುದು ಅವರ ವಾದ. ಕಂಪನಿ ಶುರುವಾದಾಗಿನಿಂದ ಬಂದು ಹೋದವರ ಮೇಲ್ ಐಡಿಗಳು ಹಾಗೇ ಇವೆ. ಇದ್ದವರದನ್ನೂ ಸೇರಿಸಿ ಎಣಿಸಿದರೆ ಸರಿಯಾಗಿ ಐವತ್ತೆರಡು. “ಹೋದವರು ಹೋದರು ನಿಜ, ಐಡಿ ಹೋಗಿಲ್ಲವಲ್ಲಪ್ಪಾ!”

ಹದಿನೆಂಟರ ಮಹಿಮೆ ಬೇರೆ. ಇಪ್ಪತ್ತು ಜನ ಕೆಲಸಕ್ಕಿದ್ದರೆ ಭವಿಷ್ಯ ನಿಧಿ ಕಾಯ್ದೆ ಬಂದು ಹಿಡಿಯುತ್ತದೆ. ಒಮ್ಮೆ ಹಿಡಿದರೆ ಮುಂದೆ ಹತ್ತು ಜನಕ್ಕಿಳಿದರೂ ಬಿಡುವುದಿಲ್ಲ. ಹಾಗಾಗಿ ಹತ್ತೊಂಬತ್ತನೆಯವರನ್ನು ತೆಗೆದುಕೊಳ್ಳುವ ಮಾತೆತ್ತಿದರೆ ಸಾರ್ ಫ್ಯಾನ್ ಜೋರು ಮಾಡಿಸುತ್ತಾರೆ. ಗುಡಿಸುವ ಅಕ್ಕ ಕಟ್ಟಡದ ಓನರ್ ಕಡೆಯವರು. ಟೀ ತರುವ ಹುಡುಗ ದರ್ಶಿನಿಯವನು. ನೆಟ್‌ವರ್ಕ್ ನೋಡುವವನು ಕನ್ಸಲ್ಟೆಂಟು. ಸಾರ್ ಅವರ ಷಡ್ಡಕನ ಮಗ ಇಂಟರ್ನ್. ಅವನು ಇಂಟರ್ನ್ ಆಗಿದ್ದಾಗಲೇ ಮದುವೆಯಾಯಿತು, ಈಗ ಮಗು ಎಲ್‌ಕೆಜಿಗೆ ಹೋಗುತ್ತಿದೆ.

ಇಷ್ಟು ಕೇಳಿ ಸಾರ್ ಜಿಪುಣರೆಂದು ತೀರ್ಮಾನಿಸುವ ಮೊದಲು ತಿಂಗಳ 20ನೇ ತಾರೀಕು ಅವರ ಮುಖ ನೋಡಬೇಕು. ಇಲ್ಲಿನ ಗಿರಾಕಿಗೆ ಬಿಲ್ ಬರೆದರೆ ಅದರ ಮೇಲೆ ಶೇ. 18 ಜಿಎಸ್‌ಟಿ. ಗಿರಾಕಿ ದುಡ್ಡು ಕೊಡುವುದು ತೊಂಬತ್ತು ದಿನಕ್ಕೆ, ಸರ್ಕಾರಕ್ಕೆ ಕಟ್ಟಬೇಕಾದದ್ದು ಮುಂದಿನ ತಿಂಗಳು 20ರೊಳಗೆ. ಇನ್ನೂ ಕೈಗೆ ಬಾರದ ಹಣಕ್ಕೆ ಕೈಯಿಂದ ತೆರಿಗೆ ಕಟ್ಟುವ ಆ ದಿನ ಸಾರ್ ಊಟದ ಡಬ್ಬಿ ತೆಗೆಯುವುದಿಲ್ಲ. ಗಿರಾಕಿ ದೊಡ್ಡ ಕುಳ. ಅವರ ಅಕೌಂಟ್ಸ್ ವಿಭಾಗದಲ್ಲಿ ಫೋನೆತ್ತುವವರು ತಿಂಗಳಿಗೊಬ್ಬರು ಬದಲಾಗುತ್ತಾರೆ, ಪ್ರತಿಯೊಬ್ಬರಿಗೂ ಪಿಒ ನಂಬರಿನಿಂದ ಕಥೆ ಶುರುಮಾಡಬೇಕು. ಸಣ್ಣ ಉದ್ದಿಮೆಗಳ ಬಾಕಿಯನ್ನು ಹೆಚ್ಚೆಂದರೆ 45 ದಿನದಲ್ಲಿ ತೀರಿಸಬೇಕು, ಇಲ್ಲವಾದರೆ ಹಣ ಕೊಡುವವರೆಗೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲ ಎಂಬ ನಿಯಮ 2024ರಲ್ಲಿ ಬಂದಾಗ ಸಾರ್‌ಗೆ ಆನೆಬಲ ಬಂತು. ಉದ್ಯಮ್ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಒಂದು ಪ್ರತಿಯನ್ನು ಗಿರಾಕಿಗೂ ಕಳಿಸಿದರು. ಬಹಳ ವಿನಯದ ಉತ್ತರ ಬಂತು: ಸರ್ಟಿಫಿಕೇಟ್ ನೋಡಿ ಸಂತೋಷವಾಯಿತು, ಮುಂದಿನ ವರ್ಷದಿಂದ ಇಂಥ ಸರ್ಟಿಫಿಕೇಟ್ ಇಲ್ಲದವರಿಗೇ ಕೆಲಸ ಕೊಡುವ ಆಲೋಚನೆಯಿದೆ. ಸಾರ್ ಕಟ್ಟು ಇಳಿಸಿದರು. ಮೊಳೆ ಇನ್ನೂ ಇದೆ, ಈಗ ಅದಕ್ಕೆ ಛತ್ರಿ ನೇತುಹಾಕುತ್ತೇವೆ.

ಪ್ರೈವೇಟ್ ಲಿಮಿಟೆಡ್ ಎಂದ ಮೇಲೆ ಕಡಿಮೆಯೆಂದರೆ ಇಬ್ಬರು ಡೈರೆಕ್ಟರುಗಳಿರಬೇಕೆಂದು ಕಾನೂನು. ನಮ್ಮಲ್ಲಿ ಎರಡನೆಯವರು ಸಾರ್ ಅವರ ಮನೆಯವರು, ನಮಗೆ ಮೇಡಂ. ಬೋರ್ಡ್ ಮೀಟಿಂಗ್ ರಾತ್ರಿ ಅನ್ನ ಬಡಿಸುವಾಗ ನಡೆಯುತ್ತದೆ, ಅದೂ ಡಲ್ಲಾಸ್ ಕಾಲ್ ಮುಗಿದ ಮೇಲೆ. ಸಂಬಳ ಏಳನೇ ತಾರೀಕು. ಆರಕ್ಕೆ ಮೇಡಂ ಆಫೀಸಿಗೆ ಬಂದು ಚೆಕ್ಕಿಗೆ ಸಹಿ ಹಾಕುತ್ತಾರೆ. ಆಗ ಅವರ ಕೈ ನೋಡಿದರೆ ಸಾಕು, ಬ್ಯಾಲೆನ್ಸ್ ಶೀಟ್ ಬೇಕಿಲ್ಲ. ನಾಲ್ಕು ಬಂಗಾರದ ಬಳೆಯಿದ್ದರೆ ಡಲ್ಲಾಸ್‌ನಿಂದ ಹಣ ಬಂದಿದೆ. ಎರಡಿದ್ದರೆ ಬರಲಿದೆ. ಬರೀ ಗಾಜಿನ ಬಳೆಯಾದರೆ ಗಿರಾಕಿಯ ಅಕೌಂಟ್ಸ್‌ನಲ್ಲಿ ಮತ್ತೆ ಯಾರೋ ಹೊಸಬರು ಬಂದಿದ್ದಾರೆ. ಗಾಜಿನ ಬಳೆಯ ತಿಂಗಳುಗಳಲ್ಲೂ ಸಂಬಳ ಎಂಟಕ್ಕೆ ಹೋದದ್ದಿಲ್ಲ. ಇದನ್ನು ಹೇಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

ಸಂಬಳ ಸಮಯಕ್ಕೆ ಬರುತ್ತದೆ, ಏರುವುದು ಬೇರೆ ವಿಷಯ. ಏಪ್ರಿಲ್ ಬಂತೆಂದರೆ ಸಾರ್ ಎಲ್ಲರನ್ನೂ ಕೂರಿಸಿಕೊಂಡು ಇನ್ಫೋಸಿಸ್ ಕಥೆ ತೆಗೆಯುತ್ತಾರೆ. 1981, ಪುಣೆ, ಏಳು ಜನ, ನಾರಾಯಣಮೂರ್ತಿಯವರಿಗೆ ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿ. ಹತ್ತು ಸಾವಿರ ಎಂಬ ಶಬ್ದ ಕಿವಿಗೆ ಬಿದ್ದ ತಕ್ಷಣ ಈ ವರ್ಷವೂ ಇನ್‌ಕ್ರಿಮೆಂಟ್ ಇಲ್ಲವೆಂದು ಹಳಬರು ಲ್ಯಾಪ್‌ಟಾಪ್ ತೆರೆಯುತ್ತಾರೆ. ಒಂದು ಸಲ ಮೇಡಂ ಅಲ್ಲೇ ಇದ್ದರು. “ನಾನು ಕೊಟ್ಟಿದ್ದು ಅದಕ್ಕಿಂತ ಜಾಸ್ತಿ ಆಯ್ತು ಕಣ್ರೀ” ಎಂದರು. ಆ ವರ್ಷ ಕಥೆ ಪುಣೆಯಿಂದ ಬೆಂಗಳೂರಿಗೆ ಬರಲೇ ಇಲ್ಲ.

ಸಂಬಳ ಏರಿಸಲಾಗದ ಕಡೆ ಸಾರ್ ಪದವಿ ಏರಿಸುತ್ತಾರೆ. ಹದಿನೆಂಟು ಜನರಲ್ಲಿ ನಾಲ್ವರು ವೈಸ್ ಪ್ರೆಸಿಡೆಂಟರು. ನಮ್ಮ ಚೀಫ್ ಆರ್ಕಿಟೆಕ್ಟ್ ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಹಾಳೆಯನ್ನೂ ತೆಗೆಯುತ್ತಾನೆ. ಆದರೂ ವರ್ಷಕ್ಕೆ ಮೂರು ನಾಲ್ಕು ಸಲ ಯಾರಾದರೂ ಬಾಗಿಲಲ್ಲಿ ನಿಂತು, “ಸಾರ್, ಒಂದೈದು ನಿಮಿಷ ಮಾತಾಡಬೇಕಿತ್ತು” ಎನ್ನುತ್ತಾರೆ. ಸಣ್ಣ ಕಂಪನಿಗಳಲ್ಲಿ ಈ ವಾಕ್ಯಕ್ಕೆ ಬೇರೆ ಅರ್ಥವಿಲ್ಲ. ಸಾರ್ ಬೈಟು ಕಾಫಿ ತರಿಸುತ್ತಾರೆ. “ಇದು ಕಂಪನಿ ಅಲ್ಲಪ್ಪಾ, ಮನೆ” ಎನ್ನುತ್ತಾರೆ. ಹುಡುಗ ತಲೆ ತಗ್ಗಿಸಿ ಹೊಸ ಆಫರಿನ ಅಂಕಿ ಹೇಳುತ್ತಾನೆ. ಸಾರ್ ಕಾಫಿ ಪೂರ್ತಿ ಕುಡಿದು, “ಅಷ್ಟು ಕೊಟ್ಟರೆ ನಾನೂ ಹೋಗುತ್ತೀನಿ” ಎಂದು ಕೈಕುಲುಕುತ್ತಾರೆ. ಅವನ ಐಡಿ ಹಾಗೇ ಉಳಿಯುತ್ತದೆ. ಅವನ ಜಾಗಕ್ಕೆಂದು ಆಫರ್ ಪಡೆದವನು ತೊಂಬತ್ತು ದಿನದ ನೋಟಿಸ್ ಪೀರಿಯಡ್‌ನಲ್ಲಿ ಆ ಕಾಗದವನ್ನು ಇನ್ನಿಬ್ಬರಿಗೆ ತೋರಿಸಿ, ಸೇರಬೇಕಾದ ದಿನ ಬೆಳಿಗ್ಗೆ ಅಜ್ಜಿಗೆ ಹುಷಾರಿಲ್ಲವೆಂದು ಮೆಸೇಜ್ ಹಾಕುತ್ತಾನೆ. ಈ ಇಂಡಸ್ಟ್ರಿಯಲ್ಲಿ ಅಜ್ಜಿಯರ ಆರೋಗ್ಯ ಚೆನ್ನಾಗಿಲ್ಲ.

ಇಂಡಸ್ಟ್ರಿಯ ಕಷ್ಟವನ್ನೆಲ್ಲ ಸಾರ್ ಮೈಮೇಲೆ ಹಾಕಿಕೊಳ್ಳುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದಾಗ ಅವರು ರಾತ್ರಿಯೆಲ್ಲ ಟಿವಿ ಮುಂದೆ ಕೂತಿದ್ದರಂತೆ. ನಮ್ಮಲ್ಲಿ ವೀಸಾ ಹಾಗಿರಲಿ, ಪಾಸ್‌ಪೋರ್ಟ್ ಇದ್ದವರೇ ನಾಲ್ವರು. ಆದರೂ ಪರಿಣಾಮ ತಟ್ಟದೆ ಇರಲಿಲ್ಲ: ದೀಪಾವಳಿಯ ಸ್ವೀಟ್ ಬಾಕ್ಸು ಅರ್ಧ ಕೇಜಿಯಿಂದ ಕಾಲು ಕೇಜಿಗೆ ಇಳಿಯಿತು.

ಆಯುಧಪೂಜೆ ಮಾತ್ರ ಯಾವ ವರ್ಷವೂ ಕಡಿಮೆಯಾಗಿಲ್ಲ. ಅಲ್ಲಿಯೂ ಒಂದು ಧರ್ಮಸಂಕಟವಿದೆ. ಪೂಜೆಯಾದ ಆಯುಧವನ್ನು ಆ ದಿನ ಮುಟ್ಟಬಾರದು, ಡಲ್ಲಾಸ್‌ನವರಿಗೆ ನವಮಿ ಗೊತ್ತಿಲ್ಲ. ಸಾರ್ ಕಂಡುಕೊಂಡ ಪರಿಹಾರವೆಂದರೆ, ಕೆಟ್ಟುಹೋದ ಒಂದು ಲ್ಯಾಪ್‌ಟಾಪನ್ನು ಉಳಿದವುಗಳ ಪರವಾಗಿ ಮಣೆಯ ಮೇಲೆ ಕೂರಿಸುವುದು. ವಿಭೂತಿ, ಕುಂಕುಮ, ಚೆಂಡುಹೂವು ಎಲ್ಲ ಅದಕ್ಕೇ. ಮೂಲೆಯಲ್ಲಿರುವ ಸರ್ವರ್‌ಗೆ ದೂರದಿಂದಲೇ ಆರತಿ. ಅದನ್ನು ಸೆಟ್ ಮಾಡಿದವನು ಕೆಲಸ ಬಿಟ್ಟು ವರ್ಷಗಳಾದವು, ಪಾಸ್‌ವರ್ಡ್ ಅವನ ಜೊತೆ ಹೋಯಿತು. ಹಾಗಾಗಿ ಅದನ್ನು ಆಫ್ ಮಾಡುವ ಧೈರ್ಯ ಯಾರಿಗೂ ಇಲ್ಲ. ನಮ್ಮಲ್ಲಿ ನಿಜವಾದ ಭಕ್ತಿ ಎಂದರೆ ಅದರ ಮೇಲಿನದು. ಬಾಗಿಲಲ್ಲಿ ಬೂದುಗುಂಬಳ ಒಡೆದಾಗ ಚೂರು ಮೆಟ್ಟಿಲುರುಳಿ ಹಲ್ಲಿನ ಡಾಕ್ಟರ ಬಾಗಿಲಿಗೆ ಹೋಗುತ್ತದೆ, ಅವರು ಬೈಯುತ್ತಾರೆ, ಪುರಿ-ಕಡ್ಲೆ ಪೊಟ್ಟಣ ಕೊಟ್ಟರೆ ಸುಮ್ಮನಾಗುತ್ತಾರೆ.

ಇಂಥ ಮನೆಗೆ ಒಮ್ಮೆ ಡಲ್ಲಾಸ್‌ನ ಕ್ಲೈಂಟೇ ಬಂದುಬಿಟ್ಟ. ಬೇರೆ ಕೆಲಸಕ್ಕೆ ಬೆಂಗಳೂರಿಗೆ ಬಂದವನು, ನಾಳೆ ಹನ್ನೊಂದಕ್ಕೆ ನಿಮ್ಮ ಐವತ್ತೆರಡು ಜನರನ್ನೂ ನೋಡಬೇಕೆಂದ. ಸಾರ್ ರಾತ್ರೋರಾತ್ರಿ ಟ್ಯಾಲಿ ಮೇಷ್ಟರ ಕೈಕಾಲು ಹಿಡಿದರು. ಬೆಳಿಗ್ಗೆ ಒಂದಿಡೀ ಬ್ಯಾಚು ನಮ್ಮ ಕುರ್ಚಿ, ಅವರ ಬೆಂಚು, ಕಿಟಕಿಕಟ್ಟೆಗಳ ಮೇಲೆ ಕೂತಿತು. ಆಡಿಟರ ಆಫೀಸಿನಿಂದ ಐವರು ಬಂದರು. ಇನ್ನೂ ಇಬ್ಬರು ಕಡಿಮೆ ಬಿದ್ದಾಗ ಹಲ್ಲಿನ ಡಾಕ್ಟರ ಹತ್ತಿರ ಕಾಯುತ್ತಿದ್ದವರನ್ನು ಕರೆತಂದೆವು. ಅವರಲ್ಲೊಬ್ಬರ ಕೆನ್ನೆ ಊದಿತ್ತು. ಬಿಟ್ಟುಹೋದವರ ಐಡಿ ಕಾರ್ಡುಗಳು ಅಂದು ಕೆಲಸಕ್ಕೆ ಬಂದವು. ಫೋಟೋ ಎದೆ ಕಡೆಗೆ ತಿರುಗಿಸಿ ಹಾಕಿಕೊಳ್ಳಿ ಎಂಬುದೊಂದೇ ಸೂಚನೆ.

ಕ್ಲೈಂಟ್ ಒಬ್ಬ ಹುಡುಗನ ಹತ್ತಿರ ನಿಂತು ಏನು ಮಾಡುತ್ತಿದ್ದೀಯ ಎಂದು ಕೇಳಿದ. ಹುಡುಗ ಎದ್ದು ನಿಂತು, “ಜರ್ನಲ್ ಎಂಟ್ರಿ ಸರ್” ಎಂದ. ನಿಮಗೆ ಫೈನಾನ್ಸ್ ಕೆಲಸವೂ ಬರುತ್ತದೆಂದು ಹೇಳಲೇ ಇಲ್ಲವಲ್ಲ ಎಂದು ಕ್ಲೈಂಟ್ ಹಿಗ್ಗಿದ. ಅಂದು ಸಂಜೆಯೇ ನಮ್ಮ ವೆಬ್‌ಸೈಟಿನಲ್ಲಿ ಫೈನಾನ್ಸ್ ಸೇರಿತು. ಊದಿದ ಕೆನ್ನೆಯವರನ್ನೂ ಕ್ಲೈಂಟ್ ಮಾತನಾಡಿಸಿದ. ಅವರು ಬಾಯಿ ತೆರೆಯದೆ ಗಂಭೀರವಾಗಿ ತಲೆದೂಗಿದರು. ಸೆಕ್ಯುರಿಟಿ ಎಕ್ಸ್‌ಪರ್ಟ್, ಹೆಚ್ಚು ಮಾತಾಡುವ ಹಾಗಿಲ್ಲ ಎಂದರು ಸಾರ್.

ಬಾಗಿಲ ಹತ್ತಿರ ಹೋದ ಮೇಲೆ ಕ್ಲೈಂಟ್ ತಿರುಗಿದ. “ಇಷ್ಟು ಜನರಿದ್ದೂ, ಹೋದ ತಿಂಗಳು ಒಬ್ಬ ಹುಡುಗ ತಂಗಿಯ ಮದುವೆಗೆ ಊರಿಗೆ ಹೋದನೆಂದು ನಮ್ಮ ಕೆಲಸ ವಾರವಿಡೀ ಯಾಕೆ ನಿಂತಿತು?” ನಾವೆಲ್ಲ ನೆಲ ನೋಡಿದೆವು. ಸಾರ್ ಅಳುಕಲಿಲ್ಲ. “ನಮ್ಮಲ್ಲಿ ತಂಗಿ ಮದುವೆ ಅಂದರೆ ಎಲ್ಲರೂ ಹೋಗುತ್ತೇವೆ” ಎಂದರು. ಕ್ಲೈಂಟ್‌ನ ಕಣ್ಣು ಒದ್ದೆಯಾಯಿತು. ಸಾರ್ ಪ್ರಕಾರ ಭಾವುಕತೆಯಿಂದ, ನಮ್ಮ ಅಂದಾಜಿನಲ್ಲಿ ಒಗ್ಗರಣೆಯಿಂದ.

ಈಚೆಗೆ ಎಐ ಬಂದು ಲೆಕ್ಕವೇ ತಲೆಕೆಳಗಾಗಿದೆ. ನಮ್ಮಲ್ಲಿ ಅದರ ಆಗಮನ ಬಡತನದ್ದು: ತಿಂಗಳಿಗೆ ಇಪ್ಪತ್ತು ಡಾಲರಿನ ಒಂದೇ ಚಂದಾದಾರಿಕೆ, ಹದಿನೆಂಟು ಜನ, ಒಟಿಪಿ ಸಾರ್ ಅವರ ಫೋನಿಗೆ. ಶನಿವಾರ ಅವರು ಆಂಜನೇಯನ ಗುಡಿಯಲ್ಲಿದ್ದರೆ ಮಂಗಳಾರತಿ ಮುಗಿಯುವವರೆಗೆ ಕೃತಕ ಬುದ್ಧಿಮತ್ತೆ ಇಲ್ಲ. ನಮ್ಮ ಸ್ವಂತದ್ದರಲ್ಲಿ ಕೆಲಸ ಸಾಗಿಸಬೇಕು. ಅಷ್ಟರಲ್ಲಿ ಕ್ಲೈಂಟ್‌ನ ಮಾತಿನ ಧಾಟಿ ಬದಲಾಯಿತು. ನಿಮ್ಮಲ್ಲಿ ಐವತ್ತೆರಡು ಜನ ಯಾಕೆ ಬೇಕು, ಎಐ ಇರುವಾಗ ಹದಿನೈದು ಸಾಲದೇ, ಬಿಲ್ ಅರ್ಧ ಮಾಡಿ ಎಂದ. ಸಾರ್ ಆ ಕಾಲ್‌ನಲ್ಲಿ ಒಂದು ಗುಟುಕು ನೀರು ಕುಡಿದು, ಕಂಪನಿಯ ಇತಿಹಾಸದಲ್ಲಿ ಮೊದಲ ಸಲ ಕ್ಲೈಂಟ್‌ಗೆ ನಿಜ ಹೇಳಿದರು: “ನಾವಿರುವುದು ಹದಿನೆಂಟೇ ಜನ.” ನಮಗೆ ಎದೆ ಧಸಕ್ಕೆಂದಿತು. ಕ್ಲೈಂಟ್, ಇಷ್ಟು ಬೇಗ ಇಳಿಸಿಬಿಟ್ಟಿರಾ, ಭೇಷ್ ಎಂದ.

ಆದರೆ ಸಾರ್ ಬಾಯಿಗೆ ಸುಮ್ಮನಿದ್ದು ಅಭ್ಯಾಸವಿಲ್ಲ. ವಾರದೊಳಗೆ ವೆಬ್‌ಸೈಟಿನಲ್ಲಿ ಹೊಸ ಸಾಲು ಬಂತು: ಹದಿನೆಂಟು ಪರಿಣತರು, ಮೂವತ್ತನಾಲ್ಕು ಎಐ ಏಜೆಂಟ್‌ಗಳು. ಬಿಟ್ಟುಹೋದ ಮೂವತ್ತನಾಲ್ಕು ಜನರ ಐಡಿಗಳೇ ಈಗ ಏಜೆಂಟ್‌ಗಳು. ಹೆಸರು ಮಾತ್ರ ಬದಲಿಸಿದ್ದಾರೆ. ರಾತ್ರಿ ಬೋರ್ಡ್ ಮೀಟಿಂಗಿನಲ್ಲಿ ಈ ವಿಸ್ತರಣೆಯನ್ನು ಸಂಭ್ರಮದಿಂದ ಮುಂದಿಟ್ಟಾಗ ಎರಡನೇ ಡೈರೆಕ್ಟರು ಹುಳಿ ಬಡಿಸುತ್ತಿದ್ದ ಸೌಟು ನಿಲ್ಲಿಸಿ ಕೇಳಿದರಂತೆ:

“ಅವಕ್ಕೂ ಏಳನೇ ತಾರೀಕೇ ಸಂಬಳವೇನ್ರೀ?”