ಚಕ್ರದ ಮೇಲಿನ ಮೊಟ್ಟೆ

ಕೆನಡಾದ ವಿನ್ನಿಪೆಗ್‌ನಲ್ಲಿ ರೇ ಓಲೆಕೋ ಎಂಬುವರು ಮೊದಲು ಮಾಡಿದ್ದು ಫೈಬರ್‌ಗ್ಲಾಸಿನ ಸೆಪ್ಟಿಕ್ ಟ್ಯಾಂಕ್. ಹಗುರ, ಗಟ್ಟಿ, ಸೋರುವ ಮಾತೇ ಇಲ್ಲ. ಇಂಥದ್ದರಲ್ಲಿ ಮನುಷ್ಯರೇ ಯಾಕಿರಬಾರದು ಅನ್ನಿಸಿತೋ ಏನೋ, 1968ರಲ್ಲಿ 13 ಅಡಿಯ ‘ಬೋಲರ್’ ಟ್ರೇಲರ್ ರಸ್ತೆಗಿಳಿಯಿತು.

ಮೇಲೊಂದು ಚಿಪ್ಪು, ಕೆಳಗೊಂದು ಚಿಪ್ಪು, ನಡುವಿಗೆ ಒಂದೇ ಜೋಡಣೆ. ತೂಕ ಸಾವಿರ ಪೌಂಡಿನ ಆಸುಪಾಸು. ಸಾಧಾರಣ ಕಾರೂ ಎಳೆದುಕೊಂಡು ಹೋದೀತು.

ಒಳಗಿನ ಸಂಸಾರ ಮಾತ್ರ ಸರದಿಯ ಮೇಲೆ. ಹಿಂಬದಿಯ ಊಟದ ಮೇಜನ್ನು ತಗ್ಗಿಸಿ ಮೆತ್ತೆ ಹಾಸಿದರೆ ಅದೇ ಮಂಚ. ರಾತ್ರಿ ಗಂಡನಿಗೆ ಇಸ್ಪೀಟಾಟದ ಹುಕಿ ಬಂದರೆ ಹೆಂಡತಿ ಹಾಸಿಗೆ ಬಿಟ್ಟು ಏಳಬೇಕು. ಒಬ್ಬರು ಪ್ಯಾಂಟು ಹಾಕಿಕೊಳ್ಳುವಾಗ ಇನ್ನೊಬ್ಬರು ಹೊರಗೆ ಹೋಗಿ ಹವಾಮಾನ ನೋಡುವುದು ರೂಢಿ.

ಚಳಿಯೆಂದು ಕಿಟಕಿಗಳನ್ನೆಲ್ಲ ಭದ್ರಪಡಿಸಿ ಮಲಗಿದರೆ ಬೆಳಗಿನ ಜಾವ ಮೂಗಿನ ಮೇಲೆ ತೊಟ್ಟು ತೊಟ್ಟು ನೀರು! ಯಜಮಾನರು ಸೀಲೆಂಟ್ ಹಿಡಿದು ಮೇಲೇರಿ ರಿವೆಟ್ಟುಗಳನ್ನು ಒಂದೊಂದಾಗಿ ತಡಕುತ್ತಾರೆ. ಸೋರಿದ್ದು ಛಾವಣಿಯಲ್ಲ, ದಂಪತಿಯ ಉಸಿರೇ ತಣ್ಣನೆಯ ಗೋಡೆಗೆ ತಾಗಿ ಹನಿಯಾದದ್ದು. ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಟ್ಟರೆ ಸಾಕು.

ಬೋಲರ್ ತಯಾರಿಕೆ ಎಂದೋ ನಿಂತಿತು. ಮಿನ್ನೆಸೋಟದ ‘ಸ್ಕ್ಯಾಂಪ್’, ಟೆಕ್ಸಾಸಿನ ‘ಕಸೀಟಾ’ ಅದೇ ಜಾತಿಯವು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಗುರುತಿಲ್ಲದವರೂ ಬಂದು “ಒಳಗೆ ನೋಡಬಹುದಾ?” ಎನ್ನುತ್ತಾರೆ. ನೋಡಲಿ, ಆದರೆ ಒಬ್ಬೊಬ್ಬರಾಗಿ!