ಏರಿನಲ್ಲಿ ಎರಡು ಸೆಕೆಂಡು

ರವಿವಾರ ಹುಬ್ಬಳ್ಳಿ ಕಡೆಯಿಂದ ಅತ್ತಿವೇರಿ ಪಕ್ಷಿಧಾಮಕ್ಕೆ ಬರುವ ಹೊಸ ಕಾರುಗಳಲ್ಲಿ ಇಲ್ಲದ ಸೌಲಭ್ಯವೇ ಇಲ್ಲ. ಅದರಲ್ಲೊಂದು ಹಿಲ್ ಅಸಿಸ್ಟ್. ಏರಿನಲ್ಲಿ ನಿಂತ ಗಾಡಿ ಹೊರಡುವಾಗ ಹಿಂದಕ್ಕೆ ಜಾರದಂತೆ ಹಿಡಿದುಕೊಳ್ಳುವ ಏರ್ಪಾಡು. ತಮಾಷೆ ಎಂದರೆ, ಈ ದಾರಿಯಲ್ಲಿ ಅದಕ್ಕೆ ಹೇಳಿಕೊಳ್ಳುವಂಥ ಕೆಲಸವೇ ಇಲ್ಲ. ಮುಂಡಗೋಡ ತಾಲೂಕೆಂದರೆ ಮಲೆನಾಡಿನ ಸೆರಗು. ಗುಡ್ಡಗಳು ಇಲ್ಲಿನ್ನೂ ಗಂಭೀರವಾಗಿರುವುದಿಲ್ಲ. ಕೊಟ್ಟ ದುಡ್ಡು ವಸೂಲಾಗಬೇಕೆಂದರೆ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಮತ್ತೆ ಹತ್ತಬೇಕು, ಇಲ್ಲವೇ ಜೋಯಿಡಾ ದಾಟಿ ಅಣಶಿ ಘಟ್ಟಕ್ಕೆ ಹೋಗಬೇಕು. ಅಷ್ಟು ತ್ರಾಸು ಬೇಡವೇ? ಹಬ್ಬದ ಸಂತೆಯ ಸಂಜೆ ಹುಬ್ಬಳ್ಳಿಯ ಯಾವುದಾದರೂ ದೊಡ್ಡ ಅಂಗಡಿಯ ನೆಲಮಾಳಿಗೆ ಪಾರ್ಕಿಂಗಿನಿಂದ ಮೇಲೆ ಬನ್ನಿ. ಅದರ ಮುಂದೆ ಅರಬೈಲೂ ಸಪಾಟು.

ಘಟ್ಟದಲ್ಲಿ ಪಳಗಿದ ಹಳೇ ಡ್ರೈವರುಗಳ ಮುಂದೆ ಇದರ ಹೆಸರೆತ್ತಬೇಡಿ. “ಏ ತಮ್ಮಾ, ಹಾಫ್ ಕ್ಲಚ್ ಬರದಾಂವ ಗಾಡಿ ಯಾಕ ಹೊಡೀಬೇಕು?” ಎಂದೇ ಶುರು. ಬಲಗಾಲು ಬ್ರೇಕಿನಿಂದ ಎಕ್ಸಿಲರೇಟರಿಗೆ ಹಾರುವ ಆ ಗಳಿಗೆಯಲ್ಲಿ ಎಡಗಾಲೊಂದರಿಂದಲೇ ಗಾಡಿಯನ್ನು ತಡೆದು ನಿಲ್ಲಿಸುವುದು ಅವರ ಪಾಲಿಗೆ ವಿದ್ಯೆ. ಸುಟ್ಟ ಕ್ಲಚ್ ಪ್ಲೇಟಿನ ವಾಸನೆ ಆ ವಿದ್ಯೆಯ ಗುರುದಕ್ಷಿಣೆ.

ಒಪ್ಪಿದೆ ಕಾಕಾ. ಆದರೆ ನಿಮ್ಮ ಲಾರಿಯಲ್ಲಿ ಕ್ಲೀನರ್ ಅಂತ ಒಬ್ಬ ಹುಡುಗ ಇದ್ದನಲ್ಲ, ಏರಿನಲ್ಲಿ ಗಾಡಿ ಮುಗ್ಗರಿಸಿದ ಕೂಡಲೇ ಕೆಳಗೆ ಜಿಗಿದು ಹಿಂದಿನ ಗಾಲಿಗೆ ಕಲ್ಲು ಕೊಡುತ್ತಿದ್ದವ? ನಿಮ್ಮ ಹಿಲ್ ಅಸಿಸ್ಟ್ ಅವನೇ ಅಲ್ಲವೇ? ವೈರು ಬೇಡ, ಸೆನ್ಸರು ಬೇಡ. ಒಂದು ಚಹಾ, ನಾಲ್ಕು ಬೈಗುಳ ಸಾಕಿತ್ತು. ಒಂದೇ ಕೊರತೆ: ಲಾರಿ ಹೊರಟ ಮೇಲೂ ಕಲ್ಲು ರಸ್ತೆಯಲ್ಲೇ ಉಳಿಯುತ್ತಿತ್ತು, ರಾತ್ರಿ ಬರುವ ಬೈಕಿನವನಿಗೆ ಕಾಯುತ್ತ. ಈ ವಿಷಯದಲ್ಲಿ ಮಾತ್ರ ಕಂಪ್ಯೂಟರು ಕ್ಲೀನರನಿಗಿಂತ ಸಭ್ಯಸ್ಥ.

ಇದು ನಿನ್ನೆ ಮೊನ್ನೆಯ ಶೋಕಿಯೂ ಅಲ್ಲ. ಅಮೆರಿಕದ ಸ್ಟುಡಿಬೇಕರ್ ಕಂಪನಿ 1936ರಲ್ಲೇ ತನ್ನ ಕಾರಿನಲ್ಲಿ ‘ಹಿಲ್ ಹೋಲ್ಡರ್’ ಇಟ್ಟಿತ್ತು. ಕಾರು ಮೂತಿ ಮೇಲೆತ್ತಿದಾಗ ಒಳಗಿನ ಪುಟ್ಟ ಗುಂಡೊಂದು ಉರುಳಿ ಬಂದು ಬ್ರೇಕ್ ಎಣ್ಣೆಯ ದಾರಿಗೆ ಅಡ್ಡ ಕೂರುತ್ತಿತ್ತು. ಕ್ಲಚ್ ಬಿಟ್ಟಾಗ ಪಕ್ಕಕ್ಕೆ ಸರಿಯುತ್ತಿತ್ತು. ಈಗ ಗುಂಡಿನ ಜಾಗಕ್ಕೆ ಸೆನ್ಸರ್ ಬಂದಿದೆ. ಕಾರು ಎಷ್ಟು ವಾಲಿದೆಯೆಂದು ನೋಡಿ, ನೀವು ಪೆಡಲ್ ಬಿಟ್ಟರೂ ಬ್ರೇಕಿನ ಒತ್ತಡವನ್ನು ಎರಡು ಮೂರು ಸೆಕೆಂಡು ಹಿಡಿದಿಡುತ್ತದೆ.

ಎರಡು ಮೂರೇ ಸೆಕೆಂಡು, ನೆನಪಿರಲಿ. ಪಜೀತಿ ಶುರುವಾಗುವುದೇ ಇಲ್ಲಿ. ಹಿಂದಿನ ಆಟೋ ಬಂಪರಿಗೆ ಮೂಗು ತಾಗಿಸಿ ನಿಂತಾಗ ಅಷ್ಟು ಹೊತ್ತು ಸಿಕ್ಕರೆ ದೇವರು ಸಿಕ್ಕಂತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲವರು ಕಾರು ತಾನಾಗಿ ನಿಂತಿತೆಂದು ಹಿಂದಿನ ಸೀಟಿನ ಅತ್ತೆಯ ಜೊತೆ ಮಾತಿಗಿಳಿಯುತ್ತಾರೆ. ಅತ್ತೆ ವಾಕ್ಯ ಮುಗಿಸುವಷ್ಟರಲ್ಲಿ ಕಾರು ಹಿಂದಕ್ಕೆ ಹೊರಟಿರುತ್ತದೆ. ಇನ್ನು ಇಳಿಜಾರು ತೀರಾ ಸಣ್ಣದಾದರೆ ಸೆನ್ಸರು ಅದನ್ನು ಏರೆಂದೇ ಲೆಕ್ಕಕ್ಕೆ ತಗೊಳ್ಳದಿರಬಹುದು. ಇದಕ್ಕೇ ಒಗ್ಗಿದ ಮಗ ಊರಿಗೆ ಬಂದು ಅಪ್ಪನ ಹಳೇ ಕಾರು ಹತ್ತಿದನೆಂದರೆ, ಹಿಂದೆ ನಿಂತವರು ಕೊಂಚ ದೂರ ಸರಿಯುವುದು ಒಳ್ಳೆಯದು.

ಕಾನೂನು ಏನನ್ನುತ್ತದೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಲೈಸೆನ್ಸ್ ಪರೀಕ್ಷೆಗೆ ಕೂತವರು ಕಡಿದಾದ ಏರಿನಲ್ಲಿ ನಿಂತ ಗಾಡಿಯನ್ನು ಹಿಂದೆ ಜಾರಿಸದೆ ಹೊರಡಿಸಿ ತೋರಿಸಬೇಕು. ಅದಕ್ಕೆ ಹ್ಯಾಂಡ್ ಬ್ರೇಕ್ ಬಳಸಬಹುದು. ಕಾಕಾ, ಹ್ಯಾಂಡ್ ಬ್ರೇಕ್ ಎಳೆದವನನ್ನು ನೀವು ‘ಕಚ್ಚಾ ಡ್ರೈವರ್’ ಅಂತಿದ್ರಿ, ಸರ್ಕಾರ ಅನ್ನುವುದಿಲ್ಲ.

ಮಳೆಗಾಲದ ಕೆಂಪು ಕೆಸರಿನಲ್ಲಿ ಮಾತ್ರ ಕಾಕಾ, ಕಂಪ್ಯೂಟರು ಇಬ್ಬರ ವಿದ್ಯೆಯೂ ನಡೆಯದು. ಬ್ರೇಕು ಗಾಲಿಯನ್ನು ಹಿಡಿದೀತು. ಗಾಲಿ ನೆಲವನ್ನು ಹಿಡಿಯಬೇಕಲ್ಲ! ಆಗ ಹಿಂದೆ ನಿಂತು ತಳ್ಳಲು ನಾಲ್ಕು ಜನ ಬೇಕು. ಅವರ ಲುಂಗಿಗೆ ಕೆಸರು ಹಾರಿದರೆ ಬೈಗುಳ ಬೀಳುವುದು ಸೆನ್ಸರಿಗಲ್ಲ, ಸ್ಟಿಯರಿಂಗ್ ಹಿಡಿದವನಿಗೆ.